ಕಟ್ಟಿದವರೇ ಬಿಚ್ಚಬೇಕು

ನಾನು ಮಲಗುವ ಕೋಣೆಯ ಬಾಗಿಲ ಹಿಂದಿನ ಮೊಳೆಗೆ ಈಗ ಒಂದು ನೀಲಿ ಜೋಳಿಗೆ ನೇತಾಡುತ್ತಿದೆ. ಜೋಳಿಗೆ ಅಂದರೆ ಭಿಕ್ಷೆಗೆ ಹೊರಟವರದ್ದಲ್ಲ, ನನ್ನ ಬಲಗೈಯದ್ದು. ಭುಜದ ಕೀಲು ಸವೆದು ಸವೆದು, ಸೆರಗು ಹೊದೆಯುವುದಕ್ಕೂ ಇನ್ನೊಬ್ಬರನ್ನು ಕರೆಯುವ ಹಾಗಾದ ಮೇಲೆ ಡಾಕ್ಟರು ಹಳೆಯದನ್ನು ತೆಗೆದು ಲೋಹದ ಹೊಸ ಕೀಲು ಕೂರಿಸಿದ್ದಾರೆ. ಈ ವಯಸ್ಸಿನಲ್ಲಿ ನನಗೆ ಸಿಕ್ಕ ಹೊಸ ಒಡವೆ ಅದೊಂದೇ, ಅದನ್ನೂ ಯಾರಿಗೂ ತೋರಿಸುವ ಹಾಗಿಲ್ಲ. ಆಪರೇಷನ್ ಮಾಡಿದ ಡಾಕ್ಟರು, ಕೈಯನ್ನು ಜೋಳಿಗೆಯಿಂದ ತೆಗೆಯಲೇಬೇಡಿ ಅಂದರು. ಮನೆಗೆ ಬಂದು ಕಸರತ್ತು ಮಾಡಿಸುವ ಹುಡುಗಿ, "ಅಜ್ಜೀ, ನಿಮ್ ವಯಸ್ಸಿನೋರು ಬೇಗ ಬಿಚ್ಚಿದ್ರೇನೇ ಒಳ್ಳೇದು ಅಂತಾರೆ ಈಗ. ಜಾಸ್ತಿ ದಿನ ಕಟ್ಕೊಂಡ್ರೆ ಬಿಗ್ದೋಗುತ್ತೆ" ಅನ್ನುತ್ತಾಳೆ. ನನ್ನ ಸೊಸೆ ಇಬ್ಬರ ಮಾತಿಗೂ ತಲೆಯಾಡಿಸಿ, "ಯಾವ್ದುಕ್ಕೂ ಇರ್ಲಿ ಬಿಡಿ ಅತ್ತೆ" ಎಂದು ಬಿಗಿಯಾಗಿ ಕಟ್ಟುತ್ತಾಳೆ. ಅವಳು ಸ್ನಾನಕ್ಕೆ ಹೋದದ್ದೇ ತಡ, ನಾನು ಬಿಚ್ಚಿ ಮೊಳೆಗೆ ಹಾಕುತ್ತೇನೆ.

ಮೂವರಲ್ಲಿ ಯಾರು ಸರಿ ಅಂತ ದಯವಿಟ್ಟು ನನ್ನನ್ನು ಕೇಳಬೇಡಿ. ನೋವಿನ ಮಾತ್ರೆ ನುಂಗಿದವಳ ಮಾತಿಗೆ ಕಿಮ್ಮತ್ತಿಲ್ಲ. ಆ ಮಾತ್ರೆಯೂ ಒಂದು ಥರ ಚೆನ್ನಾಗಿದೆ ನೋಡಿ. ಮಧ್ಯಾಹ್ನ ಊಟವಾದ ಮೇಲೆ ಕಣ್ಣು ತಾನಾಗಿ ಜೋಲುತ್ತದೆ, ಆದರೆ ನಿದ್ದೆ ಪೂರ್ತಿ ಬರುವುದಿಲ್ಲ. ಅರ್ಧ ಇಲ್ಲಿ, ಅರ್ಧ ಎಲ್ಲೋ. ಕಿಟಕಿಯ ಪರದೆ ಉಸಿರಾಡಿದ ಹಾಗೆ ಒಳಗೆ ಬಂದು ಹೊರಗೆ ಹೋಗುತ್ತದೆ. ಮೇಲೆ ತಿರುಗುವ ಹಳೆಯ ಫ್ಯಾನು ಗೊರಗೊರ ಎನ್ನುತ್ತಾ ಎನ್ನುತ್ತಾ ಮೊಸರು ಕಡೆಯುವ ಸದ್ದಾಗಿಬಿಡುತ್ತದೆ. ಆಗ ನಾನು ತುಮಕೂರಿನಲ್ಲಿ ಇರುವುದಿಲ್ಲ. ಗುಬ್ಬಿಯ ನಮ್ಮ ಮನೆಯ ನಡುಮನೆಯಲ್ಲಿ, ತಣ್ಣನೆಯ ಗೋಡೆಗೆ ಒರಗಿ, ಕಾಲು ಚಾಚಿ ಕೂತಿರುತ್ತೇನೆ. ಎದುರಿಗೆ ಅಮ್ಮ ಇರುತ್ತಾಳೆ.

ಅರವತ್ತರ ದಶಕ ಇನ್ನೂ ಹೊಸದಾಗಿದ್ದ ಕಾಲ ಅದು. ನಾನು ಮನೆಯ ಕಡೇ ಮಗಳು. ನಾನು ಹುಟ್ಟುವ ಹೊತ್ತಿಗೆ ಅಮ್ಮನ ತಲೆಯಲ್ಲಿ ಬೆಳ್ಳಿ ಕೂದಲು ಬಂದಿತ್ತಂತೆ. ನನಗೆ ಮದುವೆಯಾಗಿ ತುಮಕೂರಿನ ಸೊಸೆಯಾಗುವಷ್ಟರಲ್ಲಿ ಅವಳು ಪೂರ್ತಿ ಮುದುಕಿ. ಆದರೆ ಮುದುಕಿ ಎಂದು ಯಾರಾದರೂ ಅವಳ ಎದುರಿಗೆ ಹೇಳಿ ಬಚಾವಾಗುವ ಹಾಗಿರಲಿಲ್ಲ. ನನ್ನ ಇಬ್ಬರು ಅಕ್ಕಂದಿರ ಮಕ್ಕಳಿಗೆಲ್ಲ ನೀರು ಹಾಕಿ ಸಾಕಿದ್ದು ಅವಳೇ. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಎರಡೂ ಕಾಲು ನೀಡಿ, ಹರಳೆಣ್ಣೆ ಹಚ್ಚಿದ ಕೂಸನ್ನು ಕಾಲುಗಳ ಮೇಲೆ ಮಲಗಿಸಿಕೊಳ್ಳುತ್ತಿದ್ದಳು. ಎಡಗೈಯಲ್ಲಿ ತಲೆ ಹಿಡಿದು, ಬಲಗೈಯನ್ನು ಮೇಲಕ್ಕೆತ್ತಿ ಚೊಂಬಿನಿಂದ ನೀರು ಹುಯ್ಯುತ್ತಿದ್ದಳು. ನೀರು ಎತ್ತರದಿಂದ ಬಿದ್ದರೆ ಕೂಸಿನ ಮೈ ಗಟ್ಟಿಯಾಗುತ್ತದೆ ಅನ್ನುವುದು ಅವಳ ನಂಬಿಕೆ. ಹಂಡೆಯ ಹೊಗೆ, ಸೀಗೆಪುಡಿಯ ಘಾಟು, ಕೂಸಿನ ಕಿರುಚಾಟ, ಇದೆಲ್ಲದರ ನಡುವೆ ಅಮ್ಮ ಏನೋ ಗುನುಗುತ್ತಾ ಇರುತ್ತಿದ್ದಳು. ಸಣ್ಣವಳಾಗಿದ್ದಾಗ ನಾನು ಬಚ್ಚಲ ಬಾಗಿಲಲ್ಲಿ ನಿಂತು, ಮುಂದೆ ನನಗೂ ಒಂದು ಕೂಸು ಹುಟ್ಟಿ, ಅದಕ್ಕೂ ಅಮ್ಮ ಹೀಗೇ ಹುಯ್ಯುತ್ತಾಳೆ ಎಂದುಕೊಳ್ಳುತ್ತಿದ್ದೆ. ಆಟದ ಗೊಂಬೆಗಳಿಗೆ ಹುಯ್ದೂ ಹುಯ್ದೂ ಬಣ್ಣ ಕಳೆದು, ಅಕ್ಕಂದಿರ ಕೈಲಿ ಏಟು ತಿಂದದ್ದು ಬೇರೆ ಕತೆ.

ಕೊನೆಗೆ ನನಗೂ ಬಸಿರು ನಿಂತಿತು. ಚೊಚ್ಚಲು ಹೆರಿಗೆ ತವರಲ್ಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ನಾನು ತುಮಕೂರಿನಲ್ಲಿ ಬಾಯಿ ಹುಳಿಹುಳಿಯಾಗಿ ವಾಂತಿ ಮಾಡಿಕೊಳ್ಳುತ್ತಾ ದಿನ ದೂಡುತ್ತಿದ್ದಾಗ ಗುಬ್ಬಿಯಿಂದ ಸುದ್ದಿ ಬಂತು. ಅಮ್ಮ ಎಮ್ಮೆಯನ್ನು ನೀರಿಗೆ ಹೊಡೆದುಕೊಂಡು ಹೋಗುವಾಗ ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದಳಂತೆ. ಕೆರೆ ಕಂಡ ಎಮ್ಮೆ ಓಡಿದೆ, ಅಮ್ಮ ಬಿದ್ದಿದ್ದಾಳೆ, ಬಲಭುಜದ ಮೂಳೆ ಬಿರಿದಿದೆ. ನಾನು ಅತ್ತೆಯನ್ನು ಕಾಡಿ ಬೇಡಿ, ಅಮ್ಮನಿಗೆ ನೆರವಾಗಲೆಂದು ಗುಬ್ಬಿಗೆ ಹೋದೆ. ಅಷ್ಟರಲ್ಲಿ ಬೀದಿಯವರೆಲ್ಲ ಬಂದು, ಮೂಳೆ ಕಟ್ಟುವ ನಾಟಿ ವೈದ್ಯರ ಹತ್ತಿರ ಹೋಗಿ, ಮೊಟ್ಟೆ ಲೋಳೆ ಹಚ್ಚಿ ಬಿದಿರಿನ ದಬ್ಬೆ ಕಟ್ಟುತ್ತಾರೆ ಎಂದು ಹೇಳಿದ್ದರಂತೆ. ಅಮ್ಮ ಅಷ್ಟು ನೋವಿನಲ್ಲೂ, "ಭುಜಕ್ಕೆ ದಬ್ಬೆ ಎಲ್ಲಿಗ್ ಕಟ್ತಾರೆ? ಕುತ್ಗೆಗಾ?" ಎಂದು ಕೇಳಿದ್ದಳು. ಅಪ್ಪ ಅವಳನ್ನು ತುಮಕೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಅಲ್ಲಿನ ಡಾಕ್ಟರು ಮೂಳೆಯ ಫೋಟೋ ತೆಗೆಸಿ ನೋಡಿ, ತೋಳನ್ನು ಎದೆಗೆ ಸೇರಿಸಿ ಬಿಳಿ ಬಟ್ಟೆಯಿಂದ ಕಟ್ಟಿ, "ನಾನು ಹೇಳೋವರ್ಗೂ ಇದನ್ನ ಬಿಚ್ಚಬೇಡಿ. ಬರೋ ತಿಂಗ್ಳು ಬನ್ನಿ" ಅಂದರು. ಈ ಮಾತನ್ನು ಅವರು ಬೇರೆ ಯಾರಿಗೆ ಹೇಳಿದ್ದರೂ ಆಗುತ್ತಿತ್ತು. ಹೇಳಿದ್ದು ನಮ್ಮಪ್ಪನಿಗೆ.

ಅಪ್ಪನ ಬಗ್ಗೆ ಸ್ವಲ್ಪ ಹೇಳಬೇಕು. ಅವರು ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು. ಹಳಿ ತಿರುಗಿಸುವುದು, ಸಿಗ್ನಲ್ಲು ಎಳೆಯುವುದು, ಹಸಿರು ಬಾವುಟ ಕೆಂಪು ಬಾವುಟ, ಇಷ್ಟರಲ್ಲೇ ಆಯಸ್ಸು ಕಳೆದಿದ್ದರು. ಮೇಲಿನವರು ಹೇಳದೆ ಏನೂ ಮಾಡಬಾರದು, ಹೇಳಿದ್ದನ್ನು ಅವರೇ ಬೇಡ ಅನ್ನುವ ತನಕ ಬಿಡಬಾರದು, ಇದು ಅವರ ರಕ್ತಕ್ಕೆ ಇಳಿದಿತ್ತು. ನಾವು ಮಕ್ಕಳು ತಟ್ಟೆಯ ಮುಂದೆ ಕೂತು, ಬಿಸಿ ಮುದ್ದೆಯ ಹಬೆ ಮೂಗಿಗೆ ಬಡಿಯುತ್ತಿದ್ದರೂ ಅಪ್ಪ "ಹೂಂ" ಅನ್ನುವ ತನಕ ಕೈ ಇಡುವ ಹಾಗಿರಲಿಲ್ಲ. ಅವರು ಕಣ್ಣು ಮುಚ್ಚಿ ದೇವರನ್ನು ನೆನೆಯುವುದು ಮುಗಿಯಬೇಕು. ದೊಡ್ಡಕ್ಕ ಒಂದು ಸಲ ಸಾರಿನಲ್ಲಿ ಬೆರಳು ಅದ್ದಿ ನೆಕ್ಕಿದ್ದನ್ನು ಅವರು ಮುಚ್ಚಿದ ಕಣ್ಣಿನಲ್ಲೇ ಕಂಡುಹಿಡಿದಿದ್ದರು. ರಿಟೈರಾದ ಮೇಲೂ ಗೇಟು ದಾಟುವಾಗ ರೈಲು ಬರುವ ಹೊತ್ತಲ್ಲದಿದ್ದರೂ ನಿಂತು, ಆ ಕಡೆ ಈ ಕಡೆ ನೋಡಿ, ಯಾರದೋ ಅಪ್ಪಣೆ ಸಿಕ್ಕವರ ಹಾಗೆ ಹೆಜ್ಜೆ ಇಡುತ್ತಿದ್ದರು. ಅಂಥವರ ಕೈಗೆ ಅಮ್ಮನ ಕೈ ಸಿಕ್ಕಿಬಿತ್ತು.

ಬೆಳಿಗ್ಗೆ ಎದ್ದು ಗಂಟು ನೋಡುವರು. ಮಧ್ಯಾಹ್ನ ತೋಟದಿಂದ ಬಂದು ಗಂಟು ನೋಡುವರು. ಅಮ್ಮನ ಬೆವರಿಗೆ ಬಟ್ಟೆ ಕಂದಾಗಿ, ಕಂಕುಳಲ್ಲಿ ನವೆ ಎದ್ದು, ಅವಳು ಬಾಚಣಿಗೆಯ ತುದಿ ತೂರಿಸಿ ಕೆರೆದುಕೊಂಡರೆ ಅದಕ್ಕೂ ಬೈಯುವರು. ನಾನು ಅವಳಿಗೆ ತಲೆ ಬಾಚಿ ತುರುಬು ಕಟ್ಟುತ್ತಿದ್ದೆ, ಊಟಕ್ಕೆ ಕಲೆಸಿಕೊಡುತ್ತಿದ್ದೆ. ಅಮ್ಮ ಎಡಗೈಯಲ್ಲಿ ತಿನ್ನುವುದು ಯಾರ ಕಣ್ಣಿಗೂ ಬೀಳಬಾರದೆಂದು ಗೋಡೆ ಕಡೆ ತಿರುಗಿ ಕೂರುತ್ತಿದ್ದಳು.  

ಇದರ ನಡುವೆ ನನ್ನ ಅತ್ತೆ ಹೇಳಿಕಳಿಸಿದರು. ಕೆಟ್ಟವರಲ್ಲ ಅವರು, ನೇರ ಮಾತಿನವರು. "ಒಂದು ಕೈ ಕಟ್ಕೊಂಡಿರೋ ಹೆಂಗಸು ಬಾಣಂತನ ಹೆಂಗ್ ಮಾಡ್ತಾರೆ? ಸೀಮಂತಕ್ಕೆ ನಾನೇ ಬರ್ತೀನಿ. ಅಷ್ಟರಲ್ಲಿ ಕಟ್ಟು ಬಿಚ್ಚಿದ್ರೆ ಸರಿ. ಇಲ್ಲಾಂದ್ರೆ ಹುಡುಗೀನ ಕರ್ಕೊಂಡ್ ಬರ್ತೀನಿ, ಹೆರಿಗೆ ತುಮಕೂರಲ್ಲೇ ಆಗ್ಲಿ." ಅವರ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ನಾನು ಅಂದು ಹಿತ್ತಲಲ್ಲಿ ಕರಿಬೇವಿನ ಗಿಡ ಹಿಡಿದುಕೊಂಡು ಅತ್ತುಬಿಟ್ಟೆ. ನನಗೆ ಅಮ್ಮ ಬೇಕಾಗಿತ್ತು. ಅಮ್ಮ ಅಳಲಿಲ್ಲ. ಕಟ್ಟಿದ ಕೈಯನ್ನೇ ದಿಟ್ಟಿಸಿ ನೋಡುತ್ತಾ ಕೂತಳು.

ಹೇಳಿದ ತಿಂಗಳು ತುಂಬಿದ್ದೇ ಅಪ್ಪ ಅಮ್ಮನನ್ನು ತುಮಕೂರಿಗೆ ಕರೆದೊಯ್ದರು. ಸಂಜೆ ಇಬ್ಬರೂ ವಾಪಸು ಬಂದಾಗ ಕೈ ಕಟ್ಟಿದ ಹಾಗೇ ಇತ್ತು. ಆ ಡಾಕ್ಟರಿಗೆ ಕುಣಿಗಲ್ಲಿಗೆ ವರ್ಗವಾಗಿತ್ತಂತೆ. ಅಲ್ಲಿದ್ದ ಇನ್ನೊಬ್ಬರು ಡಾಕ್ಟರು, "ನಾನು ಬೇಕಾದ್ರೆ ಬಿಚ್ಚಿ ನೋಡ್ತೀನಿ" ಅಂದರೆ ಅಪ್ಪ ಕೈಮುಗಿದು, ಬೇಡ ಸ್ವಾಮಿ ಎಂದು ಹೊರಟುಬಂದಿದ್ದರು!

"ಕಟ್ಟಿದೋರೇ ಬಿಚ್ಚಬೇಕು ಕಣೇ" ಎಂದರು ಅಪ್ಪ, ಅಂಗಿ ಕಳಚುತ್ತಾ. "ಕಂಕಣ ಕಟ್ಟಿಸ್ಕೊಂಡೋರು ದಾರೀಲಿ ಹೋಗೋರ್ ಕೈಲಿ ಬಿಚ್ಚಿಸ್ಕೊಳ್ತಾರಾ? ಆ ಡಾಕ್ಟ್ರು ಏನ್ ಮನಸ್ಸಲ್ಲಿ ಇಟ್ಕೊಂಡು ಕಟ್ಟವ್ರೋ ಇವ್ರಿಗೆ ಏನ್ ಗೊತ್ತು?"

"ನಾನೇನ್ ಮದ್ವೆ ಹೆಣ್ಣಾ, ಕಂಕಣ ಕಟ್ಕೊಂಡು ಕೂತಿರಕ್ಕೆ?" ಎಂದಳು ಅಮ್ಮ.

ನನಗೆ ಆಗ ಅಳುವುದೋ ನಗುವುದೋ ತಿಳಿಯಲಿಲ್ಲ. ನನ್ನ ಮದುವೆಯ ಕಂಕಣ ಕಣ್ಣ ಮುಂದೆ ಬಂದಿತ್ತು. ಅದನ್ನು ಬಿಚ್ಚುವ ದಿನ ನಮ್ಮವರು ಒಂದೇ ಕೈಯಲ್ಲಿ ನನ್ನ ಗಂಟು ಬಿಚ್ಚಬೇಕು, ಸುತ್ತ ಹೆಂಗಸರು ಮುತ್ತಿಕೊಂಡು ಗೇಲಿ ಮಾಡುತ್ತಾರೆ. ಅವರು ಬೆವೆತು, ಕೊನೆಗೆ ಯಾರೂ ನೋಡದಾಗ ಹಲ್ಲು ಹಾಕಿದರು. ಅವರ ಮೀಸೆ ಮಣಿಕಟ್ಟಿಗೆ ತಾಗಿ ನಾನು ಕಿಸಕ್ಕನೆ ನಕ್ಕೆ. ಗಂಡನ ಜೊತೆ ಅಲ್ಲಿಯ ತನಕ ಮಾತೇ ಆಡಿರಲಿಲ್ಲ, ಮೊದಲು ಆಡಿದ್ದು ಆ ನಗು. ನೋಡಿ, ಎಲ್ಲಿಂದ ಎಲ್ಲಿಗೋ ಹೋದೆ. ಮಾತ್ರೆಯ ಕೆಲಸ.

ಕುಣಿಗಲ್ಲಿಗೆ ಹೋಗುವುದು ಇವತ್ತು ನಾಳೆ ಎಂದು ಮುಂದೆ ಹೋಯಿತು. ದೊಡ್ಡಪ್ಪನ ಮನೆಯಲ್ಲಿ ಸಾವಾಗಿ ಸೂತಕ ಬಂತು. ಆಮೇಲೆ ಮಳೆ ಹಿಡಿದು, ಬಸ್ಸು ಸರಿಯಾಗಿಲ್ಲ ಅಂದರು. ಸೀಮಂತದ ದಿನ ಹತ್ತಿರವಾಗುತ್ತಿತ್ತು. ಒಂದು ಬೆಳಿಗ್ಗೆ, ಅಪ್ಪ ತೋಟಕ್ಕೆ ಹೋದ ಮೇಲೆ, ನಾನು ಹೊದಿಕೆಯೊಳಗೆ ಮುದುಡಿ ಮಲಗಿದ್ದಾಗ ನಡುಮನೆಯಲ್ಲಿ ಗೊರ್ ಗೊರ್ ಸದ್ದು ಕೇಳಿಸಿತು. ಮೊಸರು ಕಡೆಯುವ ಸದ್ದು. ಬೆಳ್ಳನೆಯ ಬೆಳಕು ಬೆಳಕಿಂಡಿಯಿಂದ ಇಳಿದು ಹೊಗೆಯಲ್ಲಿ ನಿಂತಿತ್ತು. ಆ ಬೆಳಕಿನ ಆಚೆಗೆ ಅಮ್ಮ, ಮೊಸರಿನ ಗಡಿಗೆಯ ಮುಂದೆ. ಕಡಗೋಲಿಗೆ ಸುತ್ತಿದ ಹಗ್ಗದ ಒಂದು ತುದಿ ಎಡಗೈಯಲ್ಲಿ, ಇನ್ನೊಂದು ತುದಿ ಬಲಗೈಯಲ್ಲಿ. ಗಂಟು ಹಾಗೇ ಇದ್ದ ಬಿಳಿ ಬಟ್ಟೆ ಸಡಿಲಾಗಿ ಕೊರಳಲ್ಲಿ ಬರಿದೇ ಜೋಲುತ್ತಿತ್ತು. ಎಡಗೈ ಎಳೆದರೆ ಬಲಗೈ ತಾನಾಗಿ ಮುಂದೆ ಹೋಗುತ್ತಿತ್ತು, ಸ್ವಲ್ಪವೇ ಸ್ವಲ್ಪ. ಆಮೇಲೆ ಅವಳು ತುಟಿ ಕಚ್ಚಿ ಅದನ್ನು ಹಿಂದಕ್ಕೆ ತರುತ್ತಿದ್ದಳು. ಕಣ್ಣಲ್ಲಿ ನೀರು. ನಾನು ಎದ್ದು ಕೂತೆ.

"ಅಮ್ಮಾ, ಏನ್ ಮಾಡ್ತಿದೀಯ!"

"ಕೂಗ್ಬ್ಯಾಡ ಸುಮ್ಕಿರು. ಎಡಗೈ ಒಂದ್ರಲ್ಲೇ ಕಡಿಯಕ್ಕಾಯ್ತದಾ? ಬಲಗೈ ಸುಮ್ನೆ ಹಿಡ್ಕಂಡದೆ ಅಷ್ಟೇಯ."

"ಮೂಳೆ ಜಾರ್ಬಿಟ್ರೆ?"

"ಜಾರಿದ್ರೆ ಜಾರ್ಲಿ ಬುಡು. ಕಟ್ಕಂಡೇ ಇದ್ರೆ ನಿಮ್ಮತ್ತೆ ನಿನ್ನ ಕರ್ಕಂಡೋಯ್ತಾಳೆ" ಎಂದಳು ಅಮ್ಮ. ಹಗ್ಗ ಬಿಡಲಿಲ್ಲ.

ಅವಳಿಗೆ ವೈದ್ಯವೇನೂ ತಿಳಿದಿರಲಿಲ್ಲ, ಹಟ ಅಷ್ಟೇ. ನನಗೆ ಹೆದರಿಕೆ. ಅಪ್ಪನಿಗೆ ಹೇಳಿದರೆ ಅಮ್ಮನಿಗೆ ದ್ರೋಹ, ಹೇಳದೆ ಮೂಳೆ ಜಾರಿದರೆ ನನ್ನ ತಲೆಗೆ. ನಾನು ಹೇಳಲಿಲ್ಲ. ದಿನಾ ಬೆಳಿಗ್ಗೆ ಅವಳ ಎದುರು ಕೂತು ಬಾಗಿಲು ಕಾಯುತ್ತಿದ್ದೆ. ಸದ್ದು ಗೊರ್ ಗೊರ್ ಎಂದು ಏರಿ ಇಳಿದು, ಬೆಣ್ಣೆ ಬರುವ ಹೊತ್ತಿಗೆ ದಪ್ಪವಾಗಿ, ನನಗೆ ಮತ್ತೆ ನಿದ್ದೆ ಬರುತ್ತಿತ್ತು. ಹೊಟ್ಟೆಯ ಕೂಸಿಗೂ ಆ ಸದ್ದು ಹಿಡಿಸಿತ್ತೋ ಏನೋ, ಅಷ್ಟು ಹೊತ್ತೂ ಒದೆಯದೆ ಸುಮ್ಮನಿರುತ್ತಿತ್ತು. ಅಪ್ಪನ ಮೆಟ್ಟಿನ ಸದ್ದು ಬೀದಿಯಲ್ಲಿ ಕೇಳಿದರೆ ನಾನು ಕೆಮ್ಮುತ್ತಿದ್ದೆ. ಅಮ್ಮನ ಕೈ ಇಲಿಯ ಹಾಗೆ ಬಟ್ಟೆಯೊಳಗೆ ಹೊಕ್ಕುಬಿಡುತ್ತಿತ್ತು.

ಕಡೆದದ್ದು ಯಾರು ಅಂತ ಅಪ್ಪ ಕೇಳಬೇಕಲ್ಲ? ಪಕ್ಕದ ಮನೆಯ ಗಂಗಕ್ಕ ಬಂದು ಕಡೆದುಕೊಡುತ್ತಾಳೆ ಎಂದು ಅಮ್ಮನೇ ಹೇಳಿದ್ದಳು. ಅಪ್ಪ ಲೋಟ ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು, ತೇಗಿ, "ಆಹಾ! ಗಂಗಮ್ಮನ್ ಕೈ ಕೈ ಕಣೇ. ಇಷ್ಟ್ ವರ್ಷ ನೀನ್ ಕಡ್ದೆ, ಒಂದಿನಾನೂ ಮಜ್ಗೆ ಹಿಂಗ್ ಬರ್ಲಿಲ್ಲ" ಅಂದರು. ಅಮ್ಮನ ಮುಖ ನೋಡಬೇಕಿತ್ತು ನೀವು! ಬಾಯಿ ತೆರೆದಳು, ಮುಚ್ಚಿದಳು. ಅವತ್ತಿಂದ ಗಂಗಕ್ಕ ಬಂದರೆ ಅಮ್ಮ ಸರಿಯಾಗಿ ಮಾತೇ ಆಡುತ್ತಿರಲಿಲ್ಲ. ಆ ಪಾಪದ ಹೆಂಗಸಿಗೆ ತಾನು ಮಾಡಿದ ತಪ್ಪೇನೆಂದು ಕೊನೆಗೂ ಗೊತ್ತಾಗಲಿಲ್ಲ.

ಅಂತೂ ಮಳೆ ಬಿಟ್ಟಿತು. ಬಸುರಿ ಬಸ್ಸು ಹತ್ತಬಾರದು ಎಂದು ಅಪ್ಪ ಎಷ್ಟು ಹೇಳಿದರೂ ನಾನು ಕೇಳದೆ ಹೊರಟೆ. ತುಮಕೂರಿನಲ್ಲಿ ಬಸ್ಸು ಬದಲಾಯಿಸಿ, ಗೂಳೂರು, ಹೆಬ್ಬೂರು ದಾಟಿ ಹೋದ ಆ ದಾರಿ ನನಗೆ ಇವತ್ತಿಗೂ ಕನಸಿನ ಹಾಗೆಯೇ ಇದೆ. ರಾಗಿ ಹೊಲಗಳು ತೆನೆ ಹೊತ್ತು ತೂಗುತ್ತಿದ್ದವು. ಹುತ್ರಿದುರ್ಗದ ಕಡೆಯ ಮುದುಕರೊಬ್ಬರು ನಮ್ಮ ಪಕ್ಕ ಕೂತು, ಅಮ್ಮನ ಕೈ ನೋಡಿ, ತಮ್ಮ ಮೊಳಕೈ ಕತೆ ಹೇಳುತ್ತಾ ಹೇಳುತ್ತಾ ಅಪ್ಪನ ಹೆಗಲ ಮೇಲೆ ನಿದ್ದೆ ಹೋದರು. ಕುಣಿಗಲ್ಲು ಹತ್ತಿರವಾದಾಗ ಕೆರೆ ಕಂಡಿತು, ತುಂಬಿ ಆಕಾಶವನ್ನು ಮಲಗಿಸಿಕೊಂಡಿತ್ತು. ಆಮೇಲೆ ಕುದುರೆ ಫಾರಮ್ಮಿನ ಬೇಲಿಯ ಆಚೆ ಹಸಿರು ಬಯಲಿನಲ್ಲಿ ಕಂದು ಬಣ್ಣದ ಕುದುರೆಗಳು ಓಡುತ್ತಿದ್ದವು, ತಾಯಿಗಳ ಹಿಂದೆ ಉದ್ದ ಕಾಲಿನ ಮರಿಗಳು. ಅಮ್ಮ ಒಳ್ಳೆಯ ಕೈಯಿಂದ ನನ್ನ ಕೈ ಹಿಡಿದುಕೊಂಡಳು. 

ಡಾಕ್ಟರು ಅಮ್ಮನನ್ನು ನೋಡಿ ಮೊದಲು ಗುರುತು ಹಿಡಿಯಲಿಲ್ಲ. ಹಿಡಿದ ಮೇಲೆ ಹೌಹಾರಿದರು. "ಅಯ್ಯೋ, ಇನ್ನೂ ಕಟ್ಕೊಂಡೇ ಇದಾರಾ? ಯಾವಾಗ್ಲೋ ಬಿಚ್ಚಬೇಕಿತ್ತಲ್ರೀ! ಈ ವಯಸ್ಸಲ್ಲಿ ಭುಜ ಕಲ್ಲಾಗ್ಬಿಡುತ್ತೆ."

"ತಾವೇ ಹೇಳಿದ್ರಿ ಸ್ವಾಮಿ, ನಾನು ಹೇಳೋವರ್ಗೂ ಬಿಚ್ಚಬೇಡಿ ಅಂತ. ಒಂದ್ ಕೂದ್ಲೆಳೆಯಷ್ಟೂ ಅಲ್ಲಾಡಕ್ಕೆ ಬಿಟ್ಟಿಲ್ಲ" ಎಂದರು ಅಪ್ಪ, ಎದೆ ಸೆಟೆಸಿ.

ಡಾಕ್ಟರು ತಮ್ಮ ಕೈಯಾರೆ ಗಂಟು ಬಿಚ್ಚಿದರು. ಅಮ್ಮನ ಮೊಳಕೈ ಹಿಡಿದು ಮೆಲ್ಲನೆ ಎತ್ತಿದರು. ಕೈ ಏರಿತು, ಏರಿತು, ಭುಜದ ಮಟ್ಟಕ್ಕೆ ಬಂದು ನಿಂತಿತು. ಡಾಕ್ಟರು ಅಮ್ಮನ ಮುಖ ನೋಡಿದರು, ಆಮೇಲೆ ಅಪ್ಪನದು. "ಅಲ್ಲಾಡಿಸದೇ ಇದ್ದಿದ್ರೆ ಇಷ್ಟ್ ಬರೋದಕ್ಕೆ ಸಾಧ್ಯಾನೇ ಇಲ್ಲ. ಏನ್ ಮಾಡ್ತಿದ್ರಿ ಅಮ್ಮಾ?"

ಅಮ್ಮ ಸೆರಗಿನ ತುದಿ ತಿರುಚಿದಳು. "ಮಜ್ಗೆ ಕಡೀತಿದ್ದೆ ಸ್ವಾಮಿ."

ಅಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು. ಸಿಗ್ನಲ್ಲು ಬೀಳದೆ ಗಾಡಿ ಹೊರಟುಹೋದದ್ದನ್ನು ಕಂಡವರ ಮುಖ ಅದು. "ಹಂಗಾದ್ರೆ ಆ ಗಂಗಮ್ಮ..." ಎಂದರು. 

ಡಾಕ್ಟರು ನಕ್ಕರು. ಆದರೆ ಶಭಾಷ್ ಅನ್ನಲಿಲ್ಲ. ಮೊದಮೊದಲೇ ಎಳೆದಿದ್ದರೆ ಮೂಳೆ ಜಾರುತ್ತಿತ್ತು, ಎಳೆಯದೇ ಇದ್ದಿದ್ದರೆ ಕೀಲು ಹಿಡಿದುಕೊಳ್ಳುತ್ತಿತ್ತು, ಯಾರಿಗೆ ಎಷ್ಟು ದಿನ ಕಟ್ಟಬೇಕು ಅನ್ನುವುದು ನಮಗೂ ಸರಿಯಾಗಿ ಗೊತ್ತಿಲ್ಲ, ವಯಸ್ಸಾದವರ ವಿಷಯದಲ್ಲಂತೂ ಅಂದಾಜಿನ ಮೇಲೆಯೇ ಹೋಗುವುದು ಎಂದರು. ಅಮ್ಮನಿಗೆ ಅದು ಯಾವುದೂ ಬೇಕಿರಲಿಲ್ಲ. "ಮಗಳ ಕೂಸಿಗೆ ನೀರ್ ಹಾಕಕ್ಕಾಯ್ತದಾ, ಅದ್ ಹೇಳಿ" ಎಂದಳು.

"ಹಿಡ್ಕೊಳ್ಳೋಕಾಗುತ್ತೆ. ಆದ್ರೆ ಚೊಂಬೆತ್ತಿ ಮೇಲಿಂದ ಹುಯ್ಯೋದು... ಈ ಕೈ ಇನ್ನು ಭುಜದಿಂದ ಮೇಲಕ್ಕೆ ಹೋಗೋದು ಅನುಮಾನ."

ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತರು.  ಹೆಬ್ಬೂರು ಬಂದಾಗ ಹೊರಗೆ ನೋಡುತ್ತಲೇ, "ನಾನು ಆವತ್ತೇ ತುಮಕೂರಲ್ಲಿ ಬಿಚ್ಚಿಸಿದ್ರೆ ಪೂರ್ತಿ ಮೇಲಕ್ ಹೋಗ್ತಿತ್ತೇನೋ" ಎಂದರು.  ಅಮ್ಮ ಅವರ ಮುಖ ನೋಡದೆ, "ನಾನ್ ಕಡ್ದಿದ್ದುಕ್ಕೇ ಇಷ್ಟುಕ್ ನಿಂತ್ಕತೋ ಏನೋ. ಯಾರ್ ಕಂಡವ್ರೆ, ಬುಡಿ" ಎಂದಳು. ಅಪ್ಪ ಮೂಗು ಒರೆಸಿಕೊಂಡು ಮೆಟ್ಟಿನ ಮೇಲಿನ ಧೂಳು ಕೊಡವತೊಡಗಿದರು.

ಸೀಮಂತಕ್ಕೆ ಅತ್ತೆ ಬಂದರು. ಎತ್ತರದ ಹೆಂಗಸು, ಹೊಸಿಲು ದಾಟುವಾಗಲೇ ಅವರ ಕಣ್ಣು ಅಮ್ಮನ ಬಲಗೈ ಮೇಲಿತ್ತು. ಅಮ್ಮ ಕುಂಕುಮದ ಬಟ್ಟಲು ಹಿಡಿದು ಅವರ ಮುಂದೆ ನಿಂತಳು. ಬೆರಳಲ್ಲಿ ಕುಂಕುಮ ತೆಗೆದುಕೊಂಡು ಕೈ ಎತ್ತಿದಳು. ಕೈ ಅವರ ಗದ್ದದವರೆಗೆ ಹೋಗಿ ನಿಂತುಬಿಟ್ಟಿತು. ಹೆಂಗಸರೆಲ್ಲ ನೋಡುತ್ತಿದ್ದರು. ಇನ್ನೇನು ಅತ್ತೆ ಬಾಯಿ ಬಿಡುತ್ತಾರೆ, ನನ್ನ ಗಂಟುಮೂಟೆ ಕಟ್ಟಬೇಕು ಎಂದುಕೊಂಡೆ. ಅತ್ತೆ ತಲೆ ಬಗ್ಗಿಸಿದರು. ಅಮ್ಮನ ಬೆರಳು ಹಣೆಗೆ ಸಿಗುವಷ್ಟು ಬಗ್ಗಿಸಿದರು. ಆಮೇಲೆ ತಲೆ ಎತ್ತಿ, "ಬಾಣಂತಿಗೆ ಮೆಣಸಿನ ಸಾರು ಮಾಡುವಾಗ ಖಾರ ಕಮ್ಮಿ ಹಾಕಿ, ಇವಳಿಗೆ ಆಗಲ್ಲ" ಎಂದರಷ್ಟೇ. ಅವರ ಕಾಲಿಗೆ ಬಿದ್ದಾಗ ನಾನು ಶಾಸ್ತ್ರಕ್ಕೆ ಬೀಳಲಿಲ್ಲ.

ಹೆಣ್ಣು ಕೂಸು ಹುಟ್ಟಿತು. ನೀರು ಹಾಕುವ ಬೆಳಿಗ್ಗೆ ನನ್ನನ್ನು ಕಂಬಳಿಯಲ್ಲಿ ಸುತ್ತಿ ಬಚ್ಚಲ ಬಾಗಿಲ ಹತ್ತಿರ ಕೂರಿಸಿದ್ದರು. ಹಂಡೆಯ ಹೊಗೆ ಬೆಳಕಿನಲ್ಲಿ ಸುರುಳಿ ಬಿಡುತ್ತಿತ್ತು. ಅಮ್ಮ ಮಣೆಯ ಮೇಲೆ ಕೂತು ಕಾಲು ನೀಡಿ, ಎಣ್ಣೆ ಹಚ್ಚಿದ ಕೂಸನ್ನು ಮಲಗಿಸಿಕೊಂಡು, ಅಭ್ಯಾಸಬಲದಿಂದ ಬಲಗೈ ಚೊಂಬಿಗೆ ಚಾಚಿದಳು. ತುಂಬಿದ ಚೊಂಬು ನೆಲ ಬಿಟ್ಟು ಏಳಲಿಲ್ಲ. ಗಂಗಕ್ಕ ಓಡಿ ಬಂದಳು. "ನೀನ್ ಬ್ಯಾಡ ಬುಡು ಗಂಗಾ" ಎಂದಳು ಅಮ್ಮ, ಗಡುಸಾಗಿ. ಆಗ ನಡುಮನೆಯಿಂದ ಅಪ್ಪನ ದನಿ ಬಂತು. "ನಾನ್ ಹುಯ್ತೀನಿ."

ಕೂಸಿಗೆ ನೀರು ಹಾಕುವ ಬಚ್ಚಲಿಗೆ ಗಂಡಸರು ಕಾಲಿಡುವುದು ನಮ್ಮ ಬೀದಿಯಲ್ಲಿ ಯಾರೂ ಕಂಡದ್ದಲ್ಲ. ಗಂಗಕ್ಕ ಬಾಯಿಗೆ ಸೆರಗು ಒತ್ತಿ ನಕ್ಕಳು. ಅಪ್ಪ ಪಂಚೆ ಎತ್ತಿ ಕಟ್ಟಿ ಒಳಗೆ ಬಂದೇಬಿಟ್ಟರು. ಎರಡೂ ಕೈಯಲ್ಲಿ ಚೊಂಬು ಎತ್ತಿ ಹಿಡಿದು ಅಮ್ಮನನ್ನೇ ನೋಡುತ್ತಾ ನಿಂತರು.

"ನಾನ್ ಹೇಳೋಗಂಟ ಹುಯ್ಯಬ್ಯಾಡಿ" ಎಂದಳು ಅಮ್ಮ.

"ಇಲ್ಲ."

ಅಮ್ಮ ಎಡಗೈಯಲ್ಲಿ ಕೂಸಿನ ಎದೆಗೆ ಸೀಗೆಪುಡಿ ಸವರಿ, ಬಲಗೈಯನ್ನು ಅದರ ತಲೆಯ ಕೆಳಗೆ ಕೊಟ್ಟಳು. "ಹೂಂ, ಹುಯ್ಯಿ" ಎಂದಳು. ಅಪ್ಪ ಚೊಂಬನ್ನು ಒಮ್ಮೆಲೇ ಬಗ್ಗಿಸಿಬಿಟ್ಟರು. ನೀರು ಅರ್ಧ ಕೂಸಿನ ಮೇಲೆ, ಅರ್ಧ ಅಮ್ಮನ ಮೈಮೇಲೆ ಬಿತ್ತು. ಕೂಸು ಮನೆ ಹಾರಿಹೋಗುವ ಹಾಗೆ ಕಿರುಚಿ ಕೈಕಾಲು ಜಾಡಿಸಿತು. ಅಮ್ಮ ನೆನೆದು ತೊಪ್ಪೆಯಾದಳು. ಎಳೆಯ ತಲೆಯ ಕೆಳಗಿದ್ದ ಅವಳ ಬಲಗೈ ಮಾತ್ರ ಅಲ್ಲಾಡಲಿಲ್ಲ.